ವ್ಯಾನಿನ ಡಿಕ್ಕಿಯೊಳಗೆ ಬೆಳಕು: ಮೊದಲು ಫ್ಯೂಸು, ಆಮೇಲೆ ಎಲ್‌ಇಡಿ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಇಡ್ಲಿ-ದೋಸೆ ಹಿಟ್ಟಿನ ಸಣ್ಣ ವ್ಯಾಪಾರ. ಏಳು ವರ್ಷ ಹಳೆಯ ಸಿಎನ್‌ಜಿ ವ್ಯಾನು ಇದೆ. ನಸುಕಿನ ನಾಲ್ಕು ಗಂಟೆಗೆ ಹಿಟ್ಟಿನ ಕ್ಯಾನು, ಚಟ್ನಿ ಡಬ್ಬಿ ತುಂಬಿಕೊಂಡು ಠಾಣೆ, ಮುಲುಂಡಿನ ಹೋಟೆಲುಗಳಿಗೆ ಹೊರಡಬೇಕು. ಹಿಂದೆ ಕಂಪನಿಯವರು ಕೊಟ್ಟ ಒಂದು ಮಿಣುಕು ದೀಪ ಬಿಟ್ಟರೆ ಬೆಳಕಿಲ್ಲ. ಹೋದ ವರ್ಷ ಒಂದು ಅಂಗಡಿಯಲ್ಲಿ 5 ಮೀಟರ್ ಎಲ್‌ಇಡಿ ಸ್ಟ್ರಿಪ್ ಹಾಕಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಕಳಚಿ ನೇತಾಡಿತು, ಉಳಿದದ್ದರಲ್ಲಿ ಮೂರು ಮೂರು ಬಲ್ಬು ಒಟ್ಟಿಗೇ ಆರಿದವು. ಎರಡು ಸಲ ಬೆಳಿಗ್ಗೆ ಬ್ಯಾಟರಿ ಇಳಿದು ಗಾಡಿ ಸ್ಟಾರ್ಟ್ ಆಗಲಿಲ್ಲ. ಕೊನೆಗೊಂದು ದಿನ ವೈರು ಸುಟ್ಟ ವಾಸನೆ ಬಂತು, ಎಲ್ಲ ಕಿತ್ತುಹಾಕಿದೆ. ಈ ಸಲ ನಾನೇ ಮಾಡಬೇಕೆಂದಿದ್ದೇನೆ. ಸೋಲ್ಡರಿಂಗ್ ಬರುತ್ತದೆ, ಮಲ್ಟಿಮೀಟರ್ ಇದೆ. ಯಾವ ಎಲ್‌ಇಡಿ, ಎಷ್ಟು, ಕರೆಂಟು ಎಲ್ಲಿಂದ ತೆಗೆಯಬೇಕು? ಡ್ರೈವರ್ ಕಡೆಗೂ ಸ್ವಲ್ಪ ಬೆಳಕು ಬೇಕು.

ಉತ್ತರ: ನಿಮ್ಮ ನಾಲ್ಕು ತೊಂದರೆಗಳಲ್ಲಿ ಒಂದೂ ಎಲ್‌ಇಡಿಯ ತಪ್ಪಲ್ಲ. ಹಿಂದಿನ ಸಲ ಹಣವೆಲ್ಲ ಬೆಳಕಿಗೆ ಹೋಗಿದೆ. ವೈರು, ಫ್ಯೂಸು, ಸ್ವಿಚ್ಚು, ಅಂಟು ಇವುಗಳಿಗೆ ಏನೂ ಉಳಿದಿಲ್ಲ. ಆದ್ದರಿಂದ ಹೊಸ ಕೆಲಸಕ್ಕೆ ಕೈ ಹಾಕುವ ಮೊದಲು ಹಳೆಯದು ಯಾಕೆ ಕೆಟ್ಟಿತು ಎಂಬುದನ್ನು ಬಿಡಿಸಿ ನೋಡೋಣ.

ಕಿತ್ತುಹಾಕಿದ ಸ್ಟ್ರಿಪ್ ಇನ್ನೂ ಮನೆಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಪ್ರತಿ ಮೂರು ಎಲ್‌ಇಡಿಗೊಮ್ಮೆ ಕತ್ತರಿಯ ಗುರುತು ಇರುತ್ತದೆ. ಆ ಎರಡು ಗುರುತುಗಳ ನಡುವೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಪ್ಪು ಚೌಕ ಕಾಣುತ್ತದೆ, ಅದರ ಮೇಲೆ ಸಾಮಾನ್ಯವಾಗಿ 151 ಎಂದು ಬರೆದಿರುತ್ತದೆ. ಅದು ರೆಸಿಸ್ಟರ್: 15ರ ಮುಂದೆ ಒಂದು ಸೊನ್ನೆ, ಅಂದರೆ 150 ಓಮ್. ಮೂರು ಎಲ್‌ಇಡಿ ಒಂದರ ಹಿಂದೊಂದು ಕೂತಿವೆ, ಒಂದೊಂದೂ ಸುಮಾರು 3.1 ವೋಲ್ಟ್ ತಿನ್ನುತ್ತದೆ, ಒಟ್ಟು 9.3. ಸರಿಯಾಗಿ 12 ವೋಲ್ಟ್ ಕೊಟ್ಟರೆ ರೆಸಿಸ್ಟರಿನ ಪಾಲಿಗೆ 2.7 ವೋಲ್ಟ್ ಉಳಿಯುತ್ತದೆ, ಸಾಲಿನಲ್ಲಿ 18 ಮಿಲಿಆಂಪ್ ಹರಿಯುತ್ತದೆ. ಎಲ್‌ಇಡಿಗೆ ಹಿತವಾದ ಲೆಕ್ಕ ಅದು.

ಆದರೆ ಗಾಡಿಯಲ್ಲಿ 12 ವೋಲ್ಟ್ ಎಂಬುದು ಹೆಸರಿಗಷ್ಟೇ. ಎಂಜಿನ್ ನಿಂತಿದ್ದಾಗ ಒಳ್ಳೆಯ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಅದನ್ನು 13.8ರಿಂದ 14.4ಕ್ಕೆ ಏರಿಸುತ್ತದೆ. 14.2 ವೋಲ್ಟ್‌ನಲ್ಲಿ ಅದೇ ರೆಸಿಸ್ಟರಿನ ಮೇಲೆ 4.9 ವೋಲ್ಟ್ ಬೀಳುತ್ತದೆ, ಕರೆಂಟು 30 ಮಿಲಿಆಂಪಿನ ಆಸುಪಾಸಿಗೆ ಹೋಗುತ್ತದೆ. ವೋಲ್ಟೇಜ್ ಏರಿದ್ದು ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ, ಕರೆಂಟು ಮಾತ್ರ ಒಂದೂಮುಕ್ಕಾಲು ಪಟ್ಟು, ರೆಸಿಸ್ಟರಿನ ಬಿಸಿ ಮೂರು ಪಟ್ಟು. ಮೇ ತಿಂಗಳ ಮಧ್ಯಾಹ್ನ, ತಗಡಿನ ಛಾವಣಿಗೆ ಅಂಟಿಸಿದ ಸ್ಟ್ರಿಪ್ ಹೀಗೆ ತಿಂಗಳುಗಟ್ಟಲೆ ಬೆಂದರೆ ಮೂರರಲ್ಲಿ ಒಂದು ಎಲ್‌ಇಡಿ ಹೋಗುತ್ತದೆ. ಅದು ಹೋದ ಕೂಡಲೇ ಸಾಲು ಕಡಿದು ಉಳಿದೆರಡೂ ಆರುತ್ತವೆ. ನಿಮ್ಮಲ್ಲಿ ಮೂರು ಮೂರಾಗಿ ಆರಿದ್ದು ಹೀಗೆ.

ಸುಟ್ಟ ವಾಸನೆಗೂ ಬ್ಯಾಟರಿ ಇಳಿದದ್ದಕ್ಕೂ ಮೂಲ ಒಂದೇ: ಬೇಕಾದ್ದಕ್ಕಿಂತ ಹೆಚ್ಚು ಬೆಳಕು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ 5050 ಎಂಬ ಬಗೆಯ ಸ್ಟ್ರಿಪ್, ಮೀಟರಿಗೆ 60 ಎಲ್‌ಇಡಿಯದು, ಮೀಟರಿಗೆ 14.4 ವ್ಯಾಟ್ ಎಳೆಯುತ್ತದೆ. ಐದು ಮೀಟರಿಗೆ 72 ವ್ಯಾಟ್, 12 ವೋಲ್ಟ್‌ನಲ್ಲೇ 6 ಆಂಪ್. ಎಂಜಿನ್ ಓಡುವಾಗ ಇನ್ನೂ ಎಷ್ಟೋ ಜಾಸ್ತಿ. ಸ್ಟ್ರಿಪ್ಪಿನ ತುದಿಗೆ ಬರುವ ಕೆಂಪು-ಕಪ್ಪು ಎಳೆ ಕೂದಲಿನಷ್ಟು ತೆಳು. ಅದನ್ನು 15 ಆಂಪಿನ ಫ್ಯೂಸಿರುವ ಯಾವುದೋ ವೈರಿಗೆ ಸುತ್ತಿದ್ದರೆ, ಫ್ಯೂಸು ಕರಗುವ ಮೊದಲೇ ಆ ಎಳೆಯ ಪ್ಲಾಸ್ಟಿಕ್ ಕರಗುತ್ತದೆ. ಫ್ಯೂಸು ಇರುವುದು ದೀಪವನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. ಅತಿ ತೆಳುವಾದ ವೈರು ಎಷ್ಟು ತಡೆಯುತ್ತದೋ ಅದಕ್ಕಿಂತ ಫ್ಯೂಸು ಚಿಕ್ಕದಿರಬೇಕು. ಇನ್ನು 35 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ 6 ಆಂಪಿನ ದೀಪ ಮರೆತು ಮಲಗಿದರೆ ಆರು ಗಂಟೆಗೆ 36. ಬೆಳಿಗ್ಗೆ ಸೆಲ್ಫ್ ತಿರುಗುವ ಮಾತೇ ಇಲ್ಲ.

ಹಾಗಾದರೆ ಎಷ್ಟು ಬೆಳಕು ಬೇಕು? ಸಾಮಾನಿಡುವ ಜಾಗ 1.5 ಮೀಟರ್ ಉದ್ದ, 1.3 ಮೀಟರ್ ಅಗಲ ಎಂದು ಹಿಡಿದರೆ ಸುಮಾರು 2 ಚದರ ಮೀಟರ್. ಕ್ಯಾನು ಎತ್ತಿಡಲು, ಚೀಟಿ ಓದಲು, ಚೆಲ್ಲಿದ್ದನ್ನು ಕಾಣಲು ಚದರ ಮೀಟರಿಗೆ 100 ಲ್ಯೂಮೆನ್ ಬೆಳಕು, ಅಂದರೆ 100 ಲಕ್ಸ್ ಸಾಕು; ಒಟ್ಟು ನೆಲಕ್ಕೆ 200 ಲ್ಯೂಮೆನ್ ಮುಟ್ಟಬೇಕು. ಗೋಡೆ, ಛಾವಣಿ, ಸಾಮಾನು ಅರ್ಧ ನುಂಗುತ್ತವೆ ಎಂದು ಬಿಟ್ಟರೂ 400 ಲ್ಯೂಮೆನ್. ಇದಕ್ಕೆ 5ರಿಂದ 6 ವ್ಯಾಟ್ ಸಾಕು. ನಿಮ್ಮ ಹಳೆಯ 72 ವ್ಯಾಟಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ಬಿಸಿಗೂ ಕಣ್ಣು ಕುಕ್ಕಲಿಕ್ಕೂ ಹೋಗುತ್ತಿತ್ತು.

ಡಿಕ್ಕಿಗೆ ಸ್ಟ್ರಿಪ್ ಬೇಡವೇ ಬೇಡ. ಅಂಗಡಿಗಳ ನಾಮಫಲಕದ ಒಳಗೆ ಹಾಕುವ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲ್ ತೆಗೆದುಕೊಳ್ಳಿ. ಬೆಂಕಿಪೆಟ್ಟಿಗೆಗಿಂತ ಸಣ್ಣ ಪ್ಲಾಸ್ಟಿಕ್ ತುಂಡು, ಅದರಲ್ಲಿ ಎರಡು ಮೂರು ಎಲ್‌ಇಡಿ, ಮೇಲೆ ಬೆಳಕನ್ನು ಹರಡುವ ಲೆನ್ಸ್, ಎರಡೂ ತುದಿಯಲ್ಲಿ ಸ್ಕ್ರೂ ಕಿವಿ. ಇಪ್ಪತ್ತರ ಮಾಲೆಯಾಗಿ ಬರುತ್ತದೆ, ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಮಳೆಗೆ ಮೈಯೊಡ್ಡುವ ಬೋರ್ಡಿಗೆಂದೇ ಮಾಡಿದ್ದರಿಂದ ನೀರು ಹೋಗದಂತೆ ಮೊದಲೇ ಮುಚ್ಚಿರುತ್ತಾರೆ. ಐಪಿ65 ಅಥವಾ ಐಪಿ67 ಎಂದು ಬರೆದದ್ದನ್ನು ಕೇಳಿ ಪಡೆಯಿರಿ. ನಿಮ್ಮ ಗಾಡಿಯಲ್ಲಿ ಹುಳಿ ಬಂದ ಹಿಟ್ಟು ಚೆಲ್ಲುತ್ತದೆ, ಉಪ್ಪಿನ ಚಟ್ನಿ ಸಿಡಿಯುತ್ತದೆ, ವಾರಕ್ಕೊಮ್ಮೆ ಪೈಪು ಹಿಡಿದು ತೊಳೆಯುತ್ತೀರಿ. ಬರಿಮೈ ತಾಮ್ರದ ಸ್ಟ್ರಿಪ್ ಅದನ್ನು ಒಂದು ಮಳೆಗಾಲವೂ ತಾಳುವುದಿಲ್ಲ. ಬಣ್ಣ 4000ದಿಂದ 5000 ಕೆಲ್ವಿನ್ ಇರಲಿ. ನೀಲಿ ಛಾಯೆಯ 6500ರಲ್ಲಿ ಕೊತ್ತಂಬರಿ ಚಟ್ನಿ ತಾಜಾ ಇದೆಯೋ ಕಪ್ಪಾಗಿದೆಯೋ ತಿಳಿಯುವುದು ಕಷ್ಟ.

1.2 ವ್ಯಾಟಿನ ಹತ್ತು ಮಾಡ್ಯೂಲ್ ಸಾಕು. ಐದು ಬಲಗಡೆ, ಐದು ಎಡಗಡೆ, ಛಾವಣಿಯೂ ಗೋಡೆಯೂ ಕೂಡುವ ಮೂಲೆಯಲ್ಲಿ, 25ರಿಂದ 30 ಸೆಂಟಿಮೀಟರಿಗೊಂದು. ಛಾವಣಿಯ ನಡುವೆ ಒಂದೇ ಸಾಲು ಹಾಕಿದರೆ ಬಾಗಿ ಎತ್ತುವವನ ತಲೆಯ ನೆರಳು ಸರಿಯಾಗಿ ಅವನ ಕೈಯ ಮೇಲೇ ಬೀಳುತ್ತದೆ. ಕ್ಯಾನುಗಳನ್ನು ಎರಡು ಅಟ್ಟಿ ಪೇರಿಸಿದರೆ ನಡುವಿನ ಸಂದು ಕತ್ತಲು. ಎರಡು ಬದಿಯಿಂದ ಬಂದರೆ ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ಎಲ್ಲವೂ ಒಳಮುಖವಾಗಿ, ತುಸು ಕೆಳಕ್ಕೆ ನೋಡುತ್ತಿರಲಿ. ಬಾಗಿಲಿನತ್ತ ಮುಖ ಮಾಡಿದರೆ ತುಂಬುವವರ ಕಣ್ಣಿಗೇ ಹೊಡೆಯುತ್ತದೆ.

ಡ್ರೈವರ್ ಕಡೆಗೆ ಸ್ಟ್ರಿಪ್ ಆಗಬಹುದು, ಅಲ್ಲಿ ನೀರಿಲ್ಲ. 2835 ಎಂಬ ಬಗೆ, ಮೀಟರಿಗೆ 60 ಎಲ್‌ಇಡಿ, 4.8 ವ್ಯಾಟಿನದು, 3000 ಕೆಲ್ವಿನ್‌ನ ಹಳದಿ ಬೆಳಕು, ಅರ್ಧ ಮೀಟರ್ ಸಾಕು. ಡ್ಯಾಷ್‌ಬೋರ್ಡಿನ ಕೆಳಗೆ, ಕಾಲಿಡುವ ಜಾಗಕ್ಕೆ ಬೀಳುವಂತೆ ಹಾಕಿ. ಗಾಜಿನ ಮೇಲ್ಗಡೆ ಹಾಕಿದರೆ ರಾತ್ರಿ ಓಡಿಸುವಾಗ ಮುಂಗಾಜಿನಲ್ಲಿ ಅದರ ಪ್ರತಿಬಿಂಬವೇ ಕಾಣುತ್ತದೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಆ ಹೊಂದಾಣಿಕೆಯನ್ನು ಬಿಳಿ ಬೆಳಕು ಕ್ಷಣದಲ್ಲಿ ಕೆಡಿಸುತ್ತದೆ. ಬೆಳಗಿನ ಜಾವ ದೀಪವಿಲ್ಲದ ತಿರುವಿನಲ್ಲಿ ರಸ್ತೆ ದಾಟುವವರು ಕಾಣದೇ ಹೋದರೆ ಗತಿಯೇನು? ಆದ್ದರಿಂದ ಈ ದೀಪಕ್ಕೆ ಬೇರೆ ಸ್ವಿಚ್ಚು ಇರಲಿ, ಗಾಡಿ ಚಲಿಸುವಾಗ ಆರಿರಲಿ.

ಇನ್ನು 14 ವೋಲ್ಟನ್ನು ಹದಕ್ಕೆ ತರುವ ಉಪಾಯ. ಎಲ್‌ಎಂ2596 ಎಂಬ, ವೋಲ್ಟೇಜು ಇಳಿಸುವ ಬಕ್ ಕನ್ವರ್ಟರ್ ಬೋರ್ಡನ್ನು ಎಲ್ಲರೂ ಹೇಳುತ್ತಾರೆ, ಕೆಟ್ಟದ್ದಲ್ಲ. ಆದರೆ ನಿಮ್ಮ ಹೊರೆ ಹೆಚ್ಚುಕಡಿಮೆ 1.2 ಆಂಪ್. ಇಷ್ಟಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡು ಸಾಕು, ಅದೂ ಗಟ್ಟಿ ಮಾರ್ಗ. 1ಎನ್5408 ಎಂಬುದು 3 ಆಂಪಿನ ಡಯೋಡು, ಕೆಲವೇ ರೂಪಾಯಿ. ಒಂದೊಂದೂ ಸುಮಾರು 0.8 ವೋಲ್ಟ್ ಇಳಿಸುತ್ತದೆ. ಎರಡನ್ನು ಒಂದರ ಹಿಂದೊಂದು ಹಾಕಿದರೆ 14.2 ಇದ್ದದ್ದು 12.6 ಆಗುತ್ತದೆ. ಎಂಜಿನ್ ನಿಂತಿದ್ದಾಗ 12.4 ಇದ್ದದ್ದು 10.8 ಆಗಿ ಬೆಳಕು ಅರ್ಧದ ಹತ್ತಿರ ಇಳಿಯುತ್ತದೆ, ಕಣ್ಣಿಗೆ ಅಷ್ಟು ಇಳಿದಂತೆ ತೋರುವುದಿಲ್ಲ. ನೀವು ಎಂಜಿನ್ ನಿಲ್ಲಿಸಿಯೇ ಸಾಮಾನು ತುಂಬುವವರು, ಅದಕ್ಕೇ ಆರು ವ್ಯಾಟಿನ ಕೆಲಸಕ್ಕೆ ಹನ್ನೆರಡು ವ್ಯಾಟಿನಷ್ಟು ಮಾಡ್ಯೂಲ್ ಹೇಳಿದ್ದು. ಮೂರನೆಯ ಡಯೋಡು ಹಾಕಲು ಹೋಗಬೇಡಿ, ಎಂಜಿನ್ ಇಲ್ಲದಾಗ ದೀಪ ಮಂಕಾಗುತ್ತದೆ. ಡಯೋಡಿನಿಂದ ಇನ್ನೊಂದು ಲಾಭವೂ ಇದೆ: ಪ್ಲಸ್-ಮೈನಸ್ ತಪ್ಪಿ ಜೋಡಿಸಿದರೂ ದೀಪ ಸುಡುವುದಿಲ್ಲ. ಒಂದೊಂದು ಡಯೋಡು ಹತ್ತಿರ ಹತ್ತಿರ 1 ವ್ಯಾಟ್ ಬಿಸಿ ಬಿಡುತ್ತದೆ. ಕಾಲುಗಳನ್ನು ಒಂದೊಂದು ಸೆಂಟಿಮೀಟರಾದರೂ ಉದ್ದ ಬಿಟ್ಟು ಸಣ್ಣ ಬೋರ್ಡಿನ ಮೇಲೆ ಬೆಸೆಯಿರಿ, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಫೋಮಿನೊಳಗೋ ಕಾರ್ಪೆಟ್ಟಿನ ಅಡಿಗೋ ತುರುಕಬೇಡಿ. ಹೊರೆ ಒಂದೂವರೆ ಆಂಪ್ ದಾಟಿದರೆ ಮಾತ್ರ ಬಕ್ ಬೋರ್ಡಿನ ಯೋಚನೆ ಮಾಡಿ. ಆಗಲೂ ಸ್ವಿಚ್ಚನ್ನು ಬೋರ್ಡಿಗಿಂತ ಮೊದಲು ಹಾಕಬೇಕು. ದೀಪ ಆರಿದ್ದರೂ ಆ ಬೋರ್ಡು ಹತ್ತು ಮಿಲಿಆಂಪ್ ಕುಡಿಯುತ್ತ ಕೂತರೆ ತಿಂಗಳಿಗೆ 7 ಆಂಪಿಯರ್-ಅವರ್ ಹೋಗುತ್ತದೆ.

ಜೊತೆಗೆ ವೋಲ್ಟೇಜಿನ ದಿಢೀರ್ ಜಿಗಿತವನ್ನು ತಡೆಯುವ, ಪಿ6ಕೆಇ24ಎ ಎಂಬ ಟಿವಿಎಸ್ ಡಯೋಡು ಒಂದು ಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜು ಕ್ಷಣಕಾಲ ಹಲವು ಪಟ್ಟು ಜಿಗಿಯುತ್ತದೆ. ಈ ಡಯೋಡು 20 ವೋಲ್ಟಿನವರೆಗೆ ಸುಮ್ಮನಿದ್ದು, ಅದರ ಮೇಲಿನದನ್ನು ಸುಮಾರು 33 ವೋಲ್ಟಿನ ಒಳಗೆ ಕಟ್ಟಿಹಾಕುತ್ತದೆ. ಫ್ಯೂಸಿನ ನಂತರ, ಪ್ಲಸ್‌ಗೂ ಬಾಡಿಗೂ ನಡುವೆ ಹಾಕಿ. ಗೆರೆಯಿರುವ ತುದಿ ಪ್ಲಸ್ ಕಡೆಗೆ. ಹೊಡೆತ ತೀರಾ ದೊಡ್ಡದಾದರೆ ಇದು ಶಾರ್ಟ್ ಆಗಿ ಫ್ಯೂಸನ್ನು ಹಾರಿಸುತ್ತದೆ, ದೀಪ ಉಳಿಯುತ್ತದೆ.

ಸಾಮಾನು ಎಲ್ಲಿ? ಡಯೋಡು, ಮಾಡ್ಯೂಲ್, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ವೈರನ್ನು ಬಿಗಿಹಿಡಿಯುವ ಕೊಳವೆ) ಎಲ್ಲ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುತ್ತದೆ; ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ನಡೆಯುವ ದೂರ. ಭಾನುವಾರ ಹೋಗಬೇಡಿ. ಮಾಡ್ಯೂಲ್ ಮಾತ್ರ ಸಾಕಾದರೆ ನಿಮ್ಮೂರಿನ ನಾಮಫಲಕ ಮಾಡುವವರ ಹತ್ತಿರವೇ ಕೇಳಿ. ಪುಣೆಯ ಓದುಗರಿಗೆ ಎಲೆಕ್ಟ್ರಾನಿಕ್ಸ್ ಬುಧವಾರ ಪೇಠೆಯಲ್ಲಿ, ಗಾಡಿಯ ಬಿಡಿಭಾಗ ನಾನಾ ಪೇಠೆಯಲ್ಲಿ. ವೈರು 0.75 ಚದರ ಮಿಲಿಮೀಟರಿನ ಬಹು ಎಳೆಯ ತಾಮ್ರದ್ದಾಗಿರಲಿ, ಕೆಂಪು 8 ಮೀಟರ್, ಕಪ್ಪು 6 ಮೀಟರ್. ಮನೆಗೋಡೆಯೊಳಗೆ ಹಾಕುವ ಒಂಟಿ ಗಟ್ಟಿ ಎಳೆಯ ವೈರು ಗಾಡಿಯ ಕುಲುಕಾಟಕ್ಕೆ ಒಳಗೊಳಗೇ ಮುರಿಯುತ್ತದೆ. ಬ್ಲೇಡ್ ಫ್ಯೂಸಿನ ಹೋಲ್ಡರ್ ಒಂದು, 3 ಆಂಪಿನ ಫ್ಯೂಸು ನಾಲ್ಕು, ಬಣ್ಣ ನೇರಳೆ. ಅಂಗಡಿಯವರು ಹೋಲ್ಡರ್ ಜೊತೆ 15 ಆಂಪಿನ ನೀಲಿ ಫ್ಯೂಸು ಹಾಕಿ ಕೊಡುವುದುಂಟು, ಅದನ್ನು ತೆಗೆದಿಡಿ. ವೈರಿನ ತುದಿಯನ್ನು ಬೋಲ್ಟಿಗೆ ಹಿಡಿಸುವ ರಿಂಗ್ ಲಗ್ ಮೂರು, ತೂತಿನ ಅಂಚು ವೈರನ್ನು ಕೊರೆಯದಂತೆ ಕಾಯುವ ರಬ್ಬರ್ ಗ್ರಾಮೆಟ್ ನಾಲ್ಕು, ಪ್ಲಾಸ್ಟಿಕ್ ಸುರುಳಿ ಪೈಪು 5 ಮೀಟರ್, ಒಂದು ಮುಖ್ಯ ಸ್ವಿಚ್ಚು, ಕ್ಯಾಬಿನ್ನಿಗೆ ಒಂದು, ಹಿಂಬಾಗಿಲಿಗೆ ಒಂದು.

ಹಿಂಬಾಗಿಲಿನ ಸ್ವಿಚ್ಚಿನ ಬಗ್ಗೆ ನಿಂತು ಯೋಚಿಸಬೇಕು, ಏಕೆಂದರೆ ನಿಮ್ಮದು ಸಿಎನ್‌ಜಿ ಗಾಡಿ, ಸಿಲಿಂಡರ್ ಹಿಂದೆಯೇ ಇದೆ. ಸಿಎನ್‌ಜಿ ಎಂದರೆ ಬಹುಪಾಲು ಮೀಥೇನ್. ಗಾಳಿಗಿಂತ ಹಗುರ, ಸೋರಿದರೆ ಮೇಲೇರಿ ಛಾವಣಿಯ ಕೆಳಗೆ ಸೇರುತ್ತದೆ. ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಸ್ವಿಚ್ಚು, ರಿಲೇ ಯಾವುದೇ ಇರಲಿ, ತೆರೆದು ಮುಚ್ಚುವಾಗ ಒಳಗೆ ಸಣ್ಣ ಕಿಡಿ ಏಳುತ್ತದೆ. ಆದ್ದರಿಂದ ಛಾವಣಿಯಲ್ಲಿ ದೀಪ ಮಾತ್ರ ಇರಲಿ. ಕಿಡಿ ಹಾರುವ ಯಾವುದೂ ಅಲ್ಲಿ ಬೇಡ. ಬಾಗಿಲಿಗೆ ಐಪಿ67ರ ಮುಚ್ಚಿದ ಮೈಕ್ರೋಸ್ವಿಚ್ಚನ್ನು ಕೆಳಗಿನ ಹೊಸ್ತಿಲ ಬಳಿ, ಸಿಲಿಂಡರಿನ ವಾಲ್ವಿಗೆ ದೂರವಾಗಿ ಕೂರಿಸಿ. ಗ್ಯಾಸಿನ ಪೈಪಿಗೆ ವೈರನ್ನು ಟೈ ಹಾಕಿ ಕಟ್ಟುವುದು ಗ್ಯಾರೇಜುಗಳಲ್ಲಿ ಕಾಣುವ ದೊಡ್ಡ ತಪ್ಪು. ಕುಲುಕಾಟದಲ್ಲಿ ವೈರಿನ ಮೈ ಸವೆದು ಪೈಪಿಗೆ ಶಾರ್ಟ್ ಆದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟಿಗೆ, ಅಂದರೆ ಒತ್ತಡ ತಾಳುತ್ತದೆಯೇ ಎಂಬ ಪರೀಕ್ಷೆಗೆ ಕಳಚುತ್ತಾರಲ್ಲ, ಆ ದಿನ ಹತ್ತಿರವಿದ್ದರೆ ಈ ಕೆಲಸವನ್ನು ಅದಕ್ಕೇ ಹೊಂದಿಸಿಕೊಳ್ಳಿ. ಜಾಗ ಖಾಲಿ, ಕೈ ಆಡುತ್ತದೆ, ಮನಸ್ಸಿಗೂ ನೆಮ್ಮದಿ.

ಬಾಗಿಲಿಗೆ ಆಯಸ್ಕಾಂತದ ರೀಡ್ ಸ್ವಿಚ್ಚು ಹಾಕುವವರಿದ್ದಾರೆ. ಸಾಮಾನ್ಯ ರೀಡ್ ಸ್ವಿಚ್ಚಿನ ಮಿತಿ ಅರ್ಧ ಆಂಪ್. ನಿಮ್ಮ ಡಿಕ್ಕಿಯ ದೀಪವೇ ಒಂದು ಆಂಪ್. ಬಕ್ ಬೋರ್ಡಿನ ಮುಂದೆ ಹಾಕಿದರಂತೂ ಬೋರ್ಡಿನ ಕೆಪಾಸಿಟರ್ ತುಂಬುವ ಮೊದಲ ಹೊಡೆತಕ್ಕೇ ಅದರ ನಾಲಿಗೆಗಳು ಬೆಸೆದುಕೊಳ್ಳುತ್ತವೆ. ಬಾಗಿಲು ಮುಚ್ಚಿದರೂ ಒಳಗೆ ದೀಪ ಉರಿಯುತ್ತಲೇ ಇರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. 5 ಆಂಪಿನ ಮೈಕ್ರೋಸ್ವಿಚ್ಚು ನೇರವಾಗಿ ತಡೆಯುತ್ತದೆ, ರಿಲೇ ಬೇಡ. ಅದರ ಮೂರು ಕಾಲಿನಲ್ಲಿ ಕಾಮನ್ ಮತ್ತು ಎನ್‌ಸಿ ಎಂಬೆರಡನ್ನು ಬಳಸಿ: ಬಾಗಿಲು ಒತ್ತಿದಾಗ ಆರುತ್ತದೆ, ಬಿಟ್ಟಾಗ ಉರಿಯುತ್ತದೆ.

ಈಗ ಜೋಡಣೆ. ಮೊದಲು ಬ್ಯಾಟರಿಯ ಮೈನಸ್ ಕಳಚಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಸಿಡಿಯುತ್ತದೆ. ಪ್ಲಸ್ ಟರ್ಮಿನಲ್‌ಗೆ ರಿಂಗ್ ಲಗ್, ಅಲ್ಲಿಂದ ಗೇಣುದ್ದದೊಳಗೆ ಫ್ಯೂಸ್ ಹೋಲ್ಡರ್. ಗೇಣುದ್ದ ಎಂಬುದು ಮುಖ್ಯ: ಫ್ಯೂಸಿಗಿಂತ ಮೊದಲಿನ ವೈರಿಗೆ ಯಾವ ಕಾವಲೂ ಇಲ್ಲ, ಅಲ್ಲಿ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪ್ ಹರಿಸಿ ವೈರನ್ನು ಕೆಂಡ ಮಾಡುತ್ತದೆ. ಫ್ಯೂಸಿನಿಂದ ಟಿವಿಎಸ್, ನಂತರ ಡ್ಯಾಷ್‌ಬೋರ್ಡಿನ ಮುಖ್ಯ ಸ್ವಿಚ್ಚು, ಆಮೇಲೆ ಎರಡು ಡಯೋಡು, ಅಲ್ಲಿಂದ ಎರಡು ಕವಲು. ಒಂದು ಕ್ಯಾಬಿನ್ ಸ್ವಿಚ್ಚಿನ ಮೂಲಕ ಸ್ಟ್ರಿಪ್ಪಿಗೆ, ಇನ್ನೊಂದು ಬಾಗಿಲಿನ ಮೈಕ್ರೋಸ್ವಿಚ್ಚಿನ ಮೂಲಕ ಮಾಡ್ಯೂಲುಗಳಿಗೆ. ಕೆಂಪು ದೀಪವಿರುವ ಸ್ವಿಚ್ಚನ್ನೇ ಮುಖ್ಯ ಸ್ವಿಚ್ಚಾಗಿ ಹಾಕಿ, ರಾತ್ರಿ ಇಳಿಯುವಾಗ ಕಣ್ಣಿಗೆ ಬೀಳುತ್ತದೆ. ಎರಡೂ ದೀಪದ ಮೈನಸ್ ಬಾಡಿಯ ಒಂದೇ ಬೋಲ್ಟಿಗೆ ಬರಲಿ, ಇದೇ ಅರ್ತ್ ಬೋಲ್ಟು. ಬೋಲ್ಟಿನ ಅಡಿಯ ಬಣ್ಣವನ್ನು ಬೆಳ್ಳಿಯಂತೆ ಹೊಳೆಯುವವರೆಗೆ ಕೆರೆದು ಲಗ್ ಕೂರಿಸಿ, ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಸೀಟ್ ಬೆಲ್ಟಿನ ಬೋಲ್ಟನ್ನು ಈ ಕೆಲಸಕ್ಕೆ ಯಾವತ್ತೂ ಮುಟ್ಟಬೇಡಿ.

ಸೋಲ್ಡರಿಂಗ್ ಬರುತ್ತದೆ ಎಂದಿದ್ದೀರಿ, ಒಳ್ಳೆಯದು. ಒತ್ತಿ ಕೂರಿಸುವ ಕ್ಲಿಪ್ಪುಗಳು ಗಾಡಿಯಲ್ಲಿ ಸಡಿಲವಾಗುತ್ತವೆ. ಆದರೆ ಬೆಸೆದ ಜಾಗಕ್ಕೂ ಒಂದು ದುರ್ಬಲ ಬಿಂದು ಇದೆ. ಸೀಸ ಎಳೆಗಳ ನಡುವೆ ಹೀರಿಕೊಂಡು ವೈರು ಕಡ್ಡಿಯಂತೆ ಗಟ್ಟಿಯಾಗುತ್ತದೆ. ಆ ಗಟ್ಟಿ ಮುಗಿದು ಮೆತ್ತಗಿನ ವೈರು ಶುರುವಾಗುವ ಗೆರೆಯಲ್ಲೇ ಕುಲುಕಾಟಕ್ಕೆ ಮುರಿಯುವುದು. ಅಂಟು ಒಳಗಿರುವ ಹೀಟ್‌ಶ್ರಿಂಕನ್ನು ಬೆಸುಗೆಯಿಂದ ಎರಡು ಸೆಂಟಿಮೀಟರ್ ಆಚೆಗೂ ಬರುವಂತೆ ಏರಿಸಿ, ಅಲ್ಲೇ ಒಂದು ಟೈ ಹಾಕಿ ವೈರನ್ನು ಬಾಡಿಗೆ ಹಿಡಿಸಿ. ಸ್ಟ್ರಿಪ್ಪಿನ ತಾಮ್ರದ ಚುಕ್ಕೆಗೆ ಸೋಲ್ಡರಿಂಗ್ ಐರನ್ ಅನ್ನು ಎರಡು ಸೆಕೆಂಡಿಗಿಂತ ಹೆಚ್ಚು ಇಡಬೇಡಿ, ಚುಕ್ಕೆಯೇ ಎದ್ದು ಬರುತ್ತದೆ.

ತಗಡಿನ ತೂತಿನ ಮೂಲಕ ವೈರು ಹೋಗುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಬೇಕು. ಮಾಡ್ಯೂಲುಗಳನ್ನು ಗಾಡಿಯ ಬಾಡಿಗೇ ಹಾಕಿ, ಮೇಲೆತ್ತುವ ಬಾಗಿಲಿಗೆ ಬೇಡ. ಬಾಗಿಲಿಗೆ ಹಾಕಿದರೆ ಕೀಲಿನ ಹತ್ತಿರ ವೈರು ದಿನಕ್ಕೆ ಐವತ್ತು ಸಲ ಮಡಚಿ ಬಿಚ್ಚಿ ಕಡೆಗೆ ಕಡಿಯುತ್ತದೆ. ಸ್ಕ್ರೂ ಹಾಕುವ ಮೊದಲು ತಗಡಿನ ಹಿಂಬದಿ ಏನಿದೆ ಎಂದು ಕೈಯಾಡಿಸಿ ನೋಡಿ. ನೆಲಕ್ಕೆ ಡ್ರಿಲ್ ಬೇಡವೇ ಬೇಡ, ಕೆಳಗೆ ಬ್ರೇಕಿನ ಪೈಪು, ಗ್ಯಾಸ್ ಪೈಪು, ಪೆಟ್ರೋಲ್ ಟ್ಯಾಂಕು ಇರುತ್ತವೆ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯವರು ಛಾವಣಿಯ ಅಂಚಿನಲ್ಲೂ ಕಂಬಗಳ ಒಳಗೂ ವೈರು ಎಳೆಯಬಾರದು. ಏರ್‌ಬ್ಯಾಗಿನ ಹಳದಿ ಕನೆಕ್ಟರ್ ಕಂಡಲ್ಲಿ ಕೈ ಹಿಂದಕ್ಕೆ ತೆಗೆಯಿರಿ.

ಅಂಟಿನ ಮಾತು. ಸ್ಟ್ರಿಪ್ ಕಳಚಿ ಬಿದ್ದದ್ದಕ್ಕೆ ಅಂಟಿನಷ್ಟೇ ಮೇಲ್ಮೈಯೂ ಕಾರಣ. ಅಡುಗೆಮನೆಯ ಸಾಮಾನು ಸಾಗಿಸುವ ಗಾಡಿಯ ಗೋಡೆಗೆ ಎಣ್ಣೆಯ ಪೊರೆ ಕೂತಿರುತ್ತದೆ, ಮುಂಬಯಿಯ ಜುಲೈಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದ ತೇವ. ಕ್ಯಾಬಿನ್ನಿನ ಸ್ಟ್ರಿಪ್ಪನ್ನು ನೇರ ಅಂಟಿಸದೆ ಅಲ್ಯುಮಿನಿಯಂ ಚಾನೆಲ್ಲಿನೊಳಗೆ ಕೂರಿಸಿ; ಬಿಸಿಯೂ ಹರಡುತ್ತದೆ, ಹಾಲಿನ ಬಣ್ಣದ ಮುಚ್ಚಳದಿಂದ ಚುಕ್ಕೆ ಚುಕ್ಕೆಯ ಪ್ರತಿಫಲನವೂ ತಪ್ಪುತ್ತದೆ. ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡು ಸಲ ಒರೆಸಿ ಒಣಗಿಸಿ, 3ಎಂ ವಿಎಚ್‌ಬಿ ಎಂಬ, ಎರಡೂ ಬದಿ ಅಂಟಿರುವ ಟೇಪಿನಿಂದ ಚಾನೆಲ್ಲನ್ನು ಬಲವಾಗಿ ಒತ್ತಿ. ಆ ಟೇಪು ಪೂರ್ತಿ ಹಿಡಿತಕ್ಕೆ ಬರಲು 72 ಗಂಟೆ ಬೇಕು. ಅದೇ ದಿನ ತೊಳೆಯಬೇಡಿ. ಇನ್ನೊಂದು ಎಚ್ಚರ: ವೈರು ಕೂಡುವ ಜಾಗಗಳಿಗೆ ನೀರು ಹೋಗದಿರಲೆಂದು ಸಿಲಿಕೋನ್ ಬಳಿಯುವವರು ಟ್ಯೂಬನ್ನು ಮೂಸಿ ನೋಡಿ. ವಿನೆಗರಿನ ವಾಸನೆ ಬಂದರೆ ಅದರಿಂದ ಅಸೆಟಿಕ್ ಆಮ್ಲ ಹೊರಬಿದ್ದು ತಾಮ್ರವನ್ನು ಹಸಿರುಗಟ್ಟಿಸುತ್ತದೆ. ನ್ಯೂಟ್ರಲ್ ಎಂದು ಬರೆದ ಸಿಲಿಕೋನ್ ಕೇಳಿ.

ಹೊಸ ಕಾರುಗಳ ಓದುಗರಿಗೂ ಎರಡು ಮಾತು. ಒಳದೀಪದ ವೈರನ್ನೇ ಕವಲೊಡೆಯುವುದು ಸುಲಭವೆಂದು ಕಾಣುತ್ತದೆ. ಆದರೆ ಬಹಳಷ್ಟು ಕಾರುಗಳಲ್ಲಿ ಆ ದೀಪವನ್ನು ಬಾಡಿ ಕಂಟ್ರೋಲ್ ಮಾಡ್ಯೂಲ್ ನಡೆಸುತ್ತದೆ. ಅದು ಕರೆಂಟನ್ನು ತುಂಡು ತುಂಡಾಗಿ ಕೊಟ್ಟು ಬೆಳಕನ್ನು ಮೆಲ್ಲಗೆ ಆರಿಸುತ್ತದೆ. ಹೆಚ್ಚುವರಿ ಹೊರೆ ಹೇರಿದರೆ ಎಲ್‌ಇಡಿ ಮಿನುಗುತ್ತದೆ, ಮಾಡ್ಯೂಲೇ ಕೆಡಲೂಬಹುದು. ಫ್ಯೂಸ್ ಪೆಟ್ಟಿಗೆಯಿಂದ ಫ್ಯೂಸ್ ಟ್ಯಾಪ್ (ಹಳೆಯ ಫ್ಯೂಸಿನ ಜಾಗದಲ್ಲಿ ಕೂತು, ಎರಡು ಫ್ಯೂಸು ಹಿಡಿದು ಹೊಸ ಕವಲು ಕೊಡುವ ಹೋಲ್ಡರ್) ಮೂಲಕ ತೆಗೆಯುವುದು ಲೇಸು. ಹಳೆಯ ಫ್ಯೂಸನ್ನು ಕಿತ್ತು, ಎರಡು ಸೀಳುಗಳಲ್ಲಿ 12 ವೋಲ್ಟ್ ತೋರುವುದು ಯಾವುದೆಂದು ಮೀಟರಿನಿಂದ ನೋಡಿ. ಟ್ಯಾಪಿನಲ್ಲಿ ಎರಡೂ ಫ್ಯೂಸಿಗೆ ಕೂಡಿದ ಕಾಲು ಆ ಸೀಳಿಗೆ ಹೋಗಬೇಕು. ತಿರುವುಮುರುವಾದರೆ ಹೊಸ ಹೊರೆಯೂ ಹಳೆಯ ಫ್ಯೂಸಿನ ಮೂಲಕವೇ ಹರಿಯುತ್ತದೆ.

ಕಾನೂನಿನ ತಕರಾರು ಬರುತ್ತದೆಯೇ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 108ನೆಯ ನಿಯಮದ ಪ್ರಕಾರ ಗಾಡಿಯ ಮುಂದಕ್ಕೆ ಕೆಂಪು ಬೆಳಕು, ಹಿಂದಕ್ಕೆ ಕೆಂಪಲ್ಲದ ಬೆಳಕು ಕಾಣಬಾರದು. ಒಳಗಿನ ದೀಪಕ್ಕೆ ವಿನಾಯಿತಿ ಇದೆ. ಒಳಮುಖವಾದ, ಬಾಗಿಲು ಮುಚ್ಚಿದರೆ ಆರುವ ದೀಪಕ್ಕೆ ತೊಂದರೆಯಿಲ್ಲ. ಗಾಡಿಯ ಅಡಿಗೆ, ಬಂಪರಿಗೆ ಬಣ್ಣದ ಸ್ಟ್ರಿಪ್ ಹಾಕುವುದು ಬೇರೆ ಮಾತು, ಅದಕ್ಕೆ ಹೋಗಬೇಡಿ.

ಎಲ್ಲ ಮುಗಿದ ಮೇಲೆ ಮೈನಸ್ ಜೋಡಿಸಿ, ಎಂಜಿನ್ ಓಡಿಸಿ, ದೀಪಗಳನ್ನು ಅರ್ಧ ಗಂಟೆ ಉರಿಸಿ. ಡಯೋಡಿನ ನಂತರ 12.4ರಿಂದ 12.8 ವೋಲ್ಟ್ ಕಾಣಬೇಕು. ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ಒಳಗಿನ ಲಗ್ ಸಡಿಲ. ಕೊನೆಯ ಮಾಡ್ಯೂಲಿನ ಹತ್ತಿರ ಅಳೆದದ್ದು ಡಯೋಡಿನ ಹತ್ತಿರದ್ದಕ್ಕಿಂತ ಅರ್ಧ ವೋಲ್ಟ್ ಕಡಿಮೆಯಿದ್ದರೆ ಎಲ್ಲೋ ವೈರಿನ ಜೋಡಣೆ ಕೆಟ್ಟಿದೆ, ಈ ವೈರಿನಲ್ಲಿ ಅಷ್ಟು ಇಳಿಯಬಾರದು. ಆಕ್ಸಿಲರೇಟರ್ ಒತ್ತಿದಾಗ ಬೆಳಕು ನಡುಗಿದರೆ ಅರ್ತ್ ಬೋಲ್ಟನ್ನು ಮತ್ತೆ ಕೆರೆಯಿರಿ.

ಕಡೆಯ ಪರೀಕ್ಷೆ ಬ್ಯಾಟರಿಗೆ. ಎಲ್ಲ ಆರಿಸಿ, ಕೀಲಿ ತೆಗೆದು, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡಿ. ಮೈನಸ್ ಟರ್ಮಿನಲ್ ಕಳಚಿ, ಮೀಟರಿನ ಕೆಂಪು ವೈರನ್ನು 10 ಆಂಪ್ ತೂತಿಗೆ ಬದಲಿಸಿ, ಮೀಟರನ್ನು ಟರ್ಮಿನಲ್‌ಗೂ ಕೇಬಲ್ಲಿಗೂ ನಡುವೆ ಸೇರಿಸಿ. ಆ ಹೊತ್ತಿನಲ್ಲಿ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸು ಹಾರುತ್ತದೆ. ಕೆಲವು ನಿಮಿಷ ಕಳೆದ ಮೇಲೆ 50 ಮಿಲಿಆಂಪಿನ ಒಳಗೆ ನಿಂತರೆ ಸರಿ. ಅದಕ್ಕಿಂತ ಹೆಚ್ಚು ತೋರಿದರೆ ನಿಮ್ಮ 3 ಆಂಪಿನ ನೇರಳೆ ಫ್ಯೂಸನ್ನು ಕಿತ್ತು ನೋಡಿ. ಅಂಕಿ ಇಳಿದರೆ ತಪ್ಪು ಹೊಸ ವೈರಿಂಗಿನಲ್ಲಿದೆ. ಇಳಿಯದಿದ್ದರೆ ಹಿಂದಿನ ಅಂಗಡಿಯವರು ಬಿಟ್ಟುಹೋದ ಹಳೆಯ ಕವಲೇನಾದರೂ ಡ್ಯಾಷ್‌ಬೋರ್ಡಿನ ಅಡಿಯಲ್ಲಿ ಉಳಿದಿದೆಯೇ ಎಂದು ಹುಡುಕಿ.